ಕ್ರೈಸ್ತರೂ ಮೋಶೆಯ ಧರ್ಮಶಾಸ್ತ್ರವೂ : ಒಂದು ವಿವೇಚನೆ

ಒಂದು ಧರ್ಮದ ಒಡಲಿನಿಂದ ಮತ್ತೊಂದು ಧರ್ಮವು ಹುಟ್ಟಿದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ತವರಿನ ವಿಧಿನಿಷೇಧಗಳಲ್ಲಿ ಉಳಿಸಿಕೊಳ್ಳತಕ್ಕವು ಯಾವುವು, ಬಿಡತಕ್ಕವು ಯಾವುವು, ಬಿಡುವ ಅಧಿಕಾರ ಯಾರದು ಎಂಬುದೇ ಆ ಪ್ರಶ್ನೆ. ವೇದಾಗಮಗಳ ಪ್ರಾಮಾಣ್ಯವನ್ನು ಕುರಿತು ಶತಮಾನಗಳ ಕಾಲ ಚರ್ಚೆ ನಡೆಯಿಸಿದ ಕನ್ನಡ ನಾಡಿಗೆ ಇದು ಹೊಸದಲ್ಲ. ಯೆಹೂದ್ಯ ಧರ್ಮದ ಒಡಲಿನಿಂದ ಹುಟ್ಟಿದ ಕ್ರೈಸ್ತಧರ್ಮವು ತನ್ನ ಮೊದಲ ಇಪ್ಪತ್ತು ವರ್ಷಗಳಲ್ಲಿಯೇ ಈ ಪ್ರಶ್ನೆಯನ್ನು ಎದುರಿಸಬೇಕಾಯಿತು. ಅದು ಅಂದು ಕಂಡುಕೊಂಡ ಉತ್ತರವೇ ಅದನ್ನು ಒಂದು ಜನಾಂಗದ ಪಂಥವಾಗಿ ಉಳಿಯಗೊಡದೆ ಲೋಕವ್ಯಾಪಿಯಾಗಿ ಮಾಡಿತು. ಆದರೆ ಆ ಉತ್ತರವು ಪ್ರಶ್ನೆಯನ್ನು ಪೂರ್ಣವಾಗಿ ಮುಚ್ಚಲಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪ್ರದೇಶದಲ್ಲಿ ಕ್ರೈಸ್ತರ ಸಂಖ್ಯೆ ಅತ್ಯಲ್ಪ. ಆದರೆ ಈ ಸೀಮೆಯ ಅಂಚಿನಲ್ಲಿ ಅವರ ಹಳೆಯ ನೆಲೆಗಳಿವೆ. ಕುಷ್ಟಗಿಯ ಈಶಾನ್ಯಕ್ಕಿರುವ ಮುದಗಲ್ಲಿನ ಕಥೋಲಿಕ ಸಮುದಾಯವು ಆದಿಲಶಾಹಿಗಳ ಕಾಲದಷ್ಟು ಹಿಂದಿನದು. ಪಶ್ಚಿಮಕ್ಕೆ ಬೆಟಗೇರಿಯಲ್ಲಿ ೧೮೪೧ರಲ್ಲಿಯೂ ವಾಯವ್ಯಕ್ಕೆ ಗುಳೇದಗುಡ್ಡದಲ್ಲಿ ೧೮೫೧ರಲ್ಲಿಯೂ ಬಾಸೆಲ್ ಮಿಷನ್ನಿನವರು ಠಾಣ್ಯಗಳನ್ನು ಸ್ಥಾಪಿಸಿದರು. ಈ ನಾಡಿನಲ್ಲಿ ಬಾಳುವ ಕ್ರೈಸ್ತ ಮನೆತನಕ್ಕೆ ಮೋಶೆಯ ಶಾಸ್ತ್ರವು ಕೇವಲ ಗ್ರಂಥಚರ್ಚೆಯ ವಿಷಯವಲ್ಲ. ಗವಿಮಠದ ಮಹಾದಾಸೋಹದಲ್ಲಿ ನೆರೆಹೊರೆಯವರೊಡನೆ ಉಣ್ಣಬಹುದೆ, ವಿಶ್ರಾಂತಿಯ ದಿನ ಶನಿವಾರವೋ ರವಿವಾರವೋ, ಅಕ್ಕನ ಮಗಳನ್ನು ತಂದುಕೊಳ್ಳಬಹುದೆ, ಮುಟ್ಟಾದ ಹೆಣ್ಣು ಗುಡಿಯೊಳಗೆ ಬರಬಹುದೆ ಎಂಬ ನಿತ್ಯದ ಪ್ರಶ್ನೆಗಳಿಗೂ ಆ ಶಾಸ್ತ್ರಕ್ಕೂ ನೇರವಾದ ಸಂಬಂಧವಿದೆ.

ಧರ್ಮಶಾಸ್ತ್ರವೆಂದರೆ ಯಾವುದು ?

ಯೆಹೂದ್ಯರು ತಮ್ಮ ಮೂಲಶಾಸ್ತ್ರವನ್ನು 'ತೋರಾ' ಎಂದು ಕರೆಯುತ್ತಾರೆ. ಹೀಬ್ರೂ ಭಾಷೆಯಲ್ಲಿ ಅದಕ್ಕೆ ಬೋಧೆ, ಉಪದೇಶ ಎಂಬ ಅರ್ಥವಿದೆ. ಅದು ಐದು ಗ್ರಂಥಗಳ ಸಮುಚ್ಚಯ. ಕನ್ನಡ ಬೈಬಲಿನಲ್ಲಿ ಇವು ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡ ಎಂಬ ಹೆಸರುಗಳನ್ನು ಪಡೆದಿವೆ. ಆನೆಗೊಂದಿಯ ಪರಿಸರವನ್ನೇ ಕಿಷ್ಕಿಂಧೆಯೆಂದು ನಂಬುವ ಗಂಗಾವತಿಯ ಜನರಿಗೆ ಅರಣ್ಯಕಾಂಡವೆಂದೊಡನೆ ರಾಮಾಯಣವೇ ನೆನಪಾಗುವುದು ಸಹಜ. ಅನುವಾದಕರು ಈ ನಾಡಿನ ಕಿವಿಗೆ ಪರಿಚಿತವಾದ ಶಬ್ದಗಳನ್ನೇ ಆಯ್ದುಕೊಂಡರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ ಬೈಬಲಿನ ಕನ್ನಡ ಅನುವಾದಕ್ಕೆ ತೊಡಗಿದರು. ಅನಂತರ ಬಾಸೆಲ್ ಮಿಷನ್ನಿನ ವಿದ್ವಾಂಸರೂ ಆ ಕಾರ್ಯದಲ್ಲಿ ಶ್ರಮಿಸಿದರು. ತೋರಾ ಎಂಬುದಕ್ಕೆ ಕನ್ನಡದಲ್ಲಿ 'ನ್ಯಾಯಪ್ರಮಾಣ' ಮತ್ತು 'ಧರ್ಮಶಾಸ್ತ್ರ' ಎಂಬ ಎರಡು ಶಬ್ದಗಳು ರೂಢಿಗೆ ಬಂದಿವೆ. ಎರಡನೆಯದು ಮನು, ಯಾಜ್ಞವಲ್ಕ್ಯರ ಸ್ಮೃತಿಗಳಿಗೆ ಈ ನಾಡಿನಲ್ಲಿ ಸಲ್ಲುತ್ತಿದ್ದ ಹೆಸರು. ಹೀಗಾಗಿ ಪೌಲನು ಧರ್ಮಶಾಸ್ತ್ರದ ನೊಗವನ್ನು ಕುರಿತು ಬರೆದುದನ್ನು ಓದುವ ಕನ್ನಡಿಗನಿಗೆ ಸೀನಾಯಿ ಬೆಟ್ಟವೊಂದೇ ಅಲ್ಲದೆ ತನ್ನ ಊರಿನ ಮಡಿಮೈಲಿಗೆಗಳೂ ಕಣ್ಣ ಮುಂದೆ ನಿಲ್ಲುತ್ತವೆ.

ಯೆಹೂದ್ಯ ಪರಂಪರೆಯು ತೋರಾದಲ್ಲಿ ೬೧೩ ಆಜ್ಞೆಗಳನ್ನು ಎಣಿಸುತ್ತದೆ. ಮಾಡತಕ್ಕವು ೨೪೮, ಮಾಡಬಾರದವು ೩೬೫. ದೇವರೊಬ್ಬನೇ ಎಂಬ ನಿಷ್ಠೆ, ಕೊಲೆ, ಕಳವು, ಹಾದರಗಳ ನಿಷೇಧ, ಬಡವರಿಗಾಗಿ ಹೊಲದ ಅಂಚಿನ ಬೆಳೆಯನ್ನು ಕೊಯ್ಯದೆ ಬಿಡುವ ವಿಧಿ, ಬಲಿಗಳ ಕ್ರಮ, ತಿನ್ನಬಹುದಾದ ಮತ್ತು ತಿನ್ನಬಾರದ ಪ್ರಾಣಿಗಳ ಪಟ್ಟಿ, ಹೆರಿಗೆ ಮುಟ್ಟುಗಳ ಮೈಲಿಗೆ, ಗಂಡುಮಗುವಿಗೆ ಎಂಟನೆಯ ದಿನದ ಸುನ್ನತಿ, ಏಳನೆಯ ದಿನದ ವಿಶ್ರಾಂತಿ, ಇವೆಲ್ಲವೂ ಅದರೊಳಗೆ ಒಂದಕ್ಕೊಂದು ಹೆಣೆದುಕೊಂಡಿವೆ. ನೀತಿ, ಆಚಾರ, ನಾಡಕಾನೂನು ಎಂಬ ವಿಂಗಡಣೆ ಮೂಲದಲ್ಲಿಲ್ಲ. ಅದು ಅನಂತರದವರು ಮಾಡಿಕೊಂಡದ್ದು.

ಇಲ್ಲಿ ಗಮನಿಸತಕ್ಕ ಮತ್ತೊಂದು ಅಂಶವಿದೆ. ಈ ೬೧೩ ಆಜ್ಞೆಗಳನ್ನು ಲೋಕದ ಎಲ್ಲರೂ ಪಾಲಿಸಬೇಕೆಂದು ಯೆಹೂದ್ಯರು ಎಂದೂ ಹೇಳಲಿಲ್ಲ. ಅವು ಇಸ್ರಾಯೇಲ ಜನಾಂಗದೊಡನೆ ದೇವರು ಮಾಡಿಕೊಂಡ ಒಡಂಬಡಿಕೆಯ ಶರತ್ತುಗಳು. ಉಳಿದ ಮಾನವಕುಲಕ್ಕೆ ನೋಹನ ಹೆಸರಿನಲ್ಲಿ ಹೇಳಲಾಗುವ ಏಳು ಸಾಮಾನ್ಯ ಆಜ್ಞೆಗಳು ಸಾಕೆಂಬುದು ಅವರ ಆಚಾರ್ಯರ ಮತ. ಬೇಸಾಯಕ್ಕೆ ಸಂಬಂಧಿಸಿದ ಅನೇಕ ವಿಧಿಗಳು ಇಸ್ರಾಯೇಲ ದೇಶದ ನೆಲಕ್ಕೆ ಮಾತ್ರ ಅನ್ವಯಿಸುತ್ತವೆಂದೂ ಅವರೇ ನಿರ್ಣಯಿಸಿದ್ದಾರೆ. ಒಂದು ಹೊಲದಲ್ಲಿ ಎರಡು ಜಾತಿಯ ಬೀಜಗಳನ್ನು ಬಿತ್ತಬಾರದೆಂಬುದು ತೋರಾದ ಆಜ್ಞೆ. ಜೋಳದ ಸಾಲುಗಳ ನಡುವೆ ತೊಗರಿಯ ಅಕ್ಕಡಿ ಹಾಕುವುದು ಯಲಬುರ್ಗಾ, ಕುಷ್ಟಗಿಗಳ ಮಳೆಯಾಶ್ರಿತ ಬೇಸಾಯದ ಜೀವಾಳ. ಈ ಸೀಮೆಯ ರೈತನೊಬ್ಬನು ಆ ಅಕ್ಷರಕ್ಕೆ ಬದ್ಧನಾದರೆ ಮಳೆ ಕೈಕೊಟ್ಟ ವರ್ಷ ಅವನ ಮನೆಗೆ ಕಾಳು ಬಾರದು. ಆದರೆ ಕಟ್ಟಾ ಯೆಹೂದ್ಯ ನಿರ್ಣಯದ ಪ್ರಕಾರವೂ ಆ ನಿಷೇಧ ಈ ನೆಲಕ್ಕೆ ತಗಲುವುದಿಲ್ಲ.

ಪಂಕ್ತಿಯ ಪ್ರಶ್ನೆ

ಯೇಸುಕ್ರಿಸ್ತನು ಯೆಹೂದ್ಯನಾಗಿ ಹುಟ್ಟಿ, ಎಂಟನೆಯ ದಿನ ಸುನ್ನತಿ ಪಡೆದು, ಯೆಹೂದ್ಯರ ಹಬ್ಬಗಳನ್ನು ಆಚರಿಸಿದವನು. ಧರ್ಮಶಾಸ್ತ್ರವನ್ನು ತೆಗೆದುಹಾಕಲು ತಾನು ಬಂದಿಲ್ಲವೆಂದೂ ಅದನ್ನು ನೆರವೇರಿಸಲು ಬಂದಿರುವೆನೆಂದೂ ಅವನು ಹೇಳಿದನೆಂದು ಮತ್ತಾಯನ ಸುವಾರ್ತೆ ತಿಳಿಸುತ್ತದೆ. ಮಾರ್ಕನ ಸುವಾರ್ತೆಯಲ್ಲಿಯಾದರೋ, ಬಾಯೊಳಗೆ ಹೋಗುವುದು ಮನುಷ್ಯನನ್ನು ಹೊಲೆ ಮಾಡದು, ಹೃದಯದಿಂದ ಹೊರಡುವುದೇ ಹೊಲೆ ಮಾಡುವುದೆಂಬ ಬೋಧೆಯಿದೆ. ಆಜ್ಞೆಗಳಲ್ಲಿ ದೊಡ್ಡದು ಯಾವುದೆಂದು ಕೇಳಿದಾಗ ದೇವರನ್ನು ಪೂರ್ಣಮನಸ್ಸಿನಿಂದ ಪ್ರೀತಿಸುವುದು, ನೆರೆಯವನನ್ನು ತನ್ನಂತೆಯೇ ಪ್ರೀತಿಸುವುದು ಎಂಬೆರಡನ್ನು ಅವನು ತೋರಿಸಿದನು. ಈ ಎರಡೂ ತೋರಾದೊಳಗಿನವೇ. ಮೊದಲನೆಯದು ಧರ್ಮೋಪದೇಶಕಾಂಡದಲ್ಲಿಯೂ ಎರಡನೆಯದು ಯಾಜಕಕಾಂಡದಲ್ಲಿಯೂ ಬಂದಿವೆ.

ನಿಜವಾದ ಬಿಕ್ಕಟ್ಟು ಹುಟ್ಟಿದ್ದು ಯೆಹೂದ್ಯರಲ್ಲದವರು ಕ್ರಿಸ್ತನ ಅನುಯಾಯಿಗಳಾದಾಗ. ಅದು ಎಲ್ಲಕ್ಕಿಂತ ಮೊದಲು ಊಟದ ಪಂಕ್ತಿಯಲ್ಲಿ ಕಾಣಿಸಿಕೊಂಡಿತು. ಪೇತ್ರನು ಯೊಪ್ಪದಲ್ಲಿ ಮಾಳಿಗೆಯ ಮೇಲೆ ಪ್ರಾರ್ಥಿಸುತ್ತಿರುವಾಗ, ಶುದ್ಧ ಅಶುದ್ಧ ಪ್ರಾಣಿಗಳೆಲ್ಲ ತುಂಬಿದ ಜೋಳಿಗೆಯೊಂದು ಆಕಾಶದಿಂದ ಇಳಿದುದನ್ನು ಕಂಡನು. ತಿನ್ನೆಂಬ ಧ್ವನಿಗೆ ಅವನು ಒಪ್ಪಲಿಲ್ಲ. ಆ ದರ್ಶನವು ಪ್ರಾಣಿಗಳನ್ನಷ್ಟೇ ಅಲ್ಲದೆ ಮನುಷ್ಯರನ್ನು ಕುರಿತದ್ದೆಂದು ರೋಮನ್ ಸೇನಾಧಿಕಾರಿ ಕೊರ್ನೇಲ್ಯನ ಮನೆಗೆ ಹೋದ ಮೇಲೆ ಅವನಿಗೆ ಮನವರಿಕೆಯಾಯಿತು. ಯಾವ ಮನುಷ್ಯನನ್ನೂ ಹೊಲೆಯೆಂದು ಎಣಿಸಕೂಡದೆಂಬುದೇ ಅದರ ತಾತ್ಪರ್ಯ.

ಅಂತಿಯೋಕ್ಯದಲ್ಲಿ ಈ ತತ್ತ್ವದ ಪರೀಕ್ಷೆ ನಡೆಯಿತು. ಅಲ್ಲಿ ಪೇತ್ರನು ಅನ್ಯಜನರೊಡನೆ ಕುಳಿತು ಉಣ್ಣುತ್ತಿದ್ದನು. ಯೆರೂಸಲೇಮಿನಿಂದ ಯಾಕೋಬನ ಕಡೆಯವರು ಬಂದೊಡನೆ ಅಂಜಿ ಪಂಕ್ತಿಯಿಂದ ಹಿಂದೆ ಸರಿದನು. ಪೌಲನು ಎಲ್ಲರ ಎದುರಿನಲ್ಲಿಯೇ ಅವನನ್ನು ಖಂಡಿಸಿದನು. ಈ ಪ್ರಸಂಗವನ್ನು ಪೌಲನು ತಾನೇ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ನಿರೂಪಿಸಿದ್ದಾನೆ. ಪಂಕ್ತಿಭೇದವೆಂದರೇನೆಂಬುದನ್ನು ಅನುಭವದಿಂದ ಬಲ್ಲ ಈ ನಾಡಿನ ಓದುಗರಿಗೆ ಆ ಸಿಟ್ಟು ಏತಕ್ಕೆಂಬುದನ್ನು ವಿವರಿಸಬೇಕಾದುದಿಲ್ಲ. ಒಟ್ಟಿಗೆ ಉಣ್ಣಲಾರದವರು ಒಂದೇ ದೇವರ ಮಕ್ಕಳೆಂದು ಹೇಳಿಕೊಳ್ಳುವುದರಲ್ಲಿ ಹುರುಳಿಲ್ಲ.

ಕ್ರಿ.ಶ. ೪೯ರ ಸುಮಾರಿಗೆ ಯೆರೂಸಲೇಮಿನಲ್ಲಿ ಅಪೊಸ್ತಲರ ಸಭೆ ಸೇರಿತು. ಹೊಸಬರು ಸುನ್ನತಿ ಮಾಡಿಸಿಕೊಂಡು ಮೋಶೆಯ ಶಾಸ್ತ್ರವನ್ನೆಲ್ಲ ಕೈಕೊಳ್ಳಬೇಕೆಂದು ಕೆಲವರು ವಾದಿಸಿದರು. ಹಿರಿಯರು ಹೊತ್ತುಕೊಳ್ಳಲಾರದ ನೊಗವನ್ನು ಇವರ ಹೆಗಲಿಗೇರಿಸುವುದು ಸಲ್ಲದೆಂದು ಪೇತ್ರನು ಹೇಳಿದನು. ಕೊನೆಗೆ ಯಾಕೋಬನು ನಿರ್ಣಯವಿತ್ತನು. ವಿಗ್ರಹಕ್ಕೆ ಅರ್ಪಿಸಿದ ಪದಾರ್ಥ, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿಯ ಮಾಂಸ, ಹಾದರ, ಈ ನಾಲ್ಕನ್ನು ವರ್ಜಿಸಿದರೆ ಸಾಕು, ಸುನ್ನತಿ ಬೇಕಿಲ್ಲ. ಇಸ್ರಾಯೇಲರ ನಡುವೆ ವಾಸಿಸುವ ಪರದೇಶಿಗಳಿಗೆಂದು ಯಾಜಕಕಾಂಡವು ವಿಧಿಸಿದ ನಿಯಮಗಳಿಗೂ ಈ ನಾಲ್ಕಕ್ಕೂ ಹೋಲಿಕೆಯಿರುವುದನ್ನು ವಿದ್ವಾಂಸರು ತೋರಿಸಿದ್ದಾರೆ. ಆದುದರಿಂದ ಈ ನಿರ್ಣಯವನ್ನು ಶಾಸ್ತ್ರದ ತಿರಸ್ಕಾರವೆನ್ನುವುದಕ್ಕಿಂತ, ಎರಡು ಬಗೆಯ ಜನ ಒಂದೇ ಪಂಕ್ತಿಯಲ್ಲಿ ಕೂಡುವುದಕ್ಕೆ ಶಾಸ್ತ್ರದೊಳಗಿನಿಂದಲೇ ಹುಡುಕಿದ ದಾರಿಯೆನ್ನುವುದು ಸರಿ.

ಪೌಲನ ವಾದಸರಣಿ

ಪೌಲನು ಫರಿಸಾಯನಾಗಿ ಶಾಸ್ತ್ರಾಧ್ಯಯನ ಮಾಡಿದವನು. ಅವನ ವಾದದ ತಿರುಳು ಕಾಲಕ್ರಮವನ್ನು ಅವಲಂಬಿಸಿದೆ. ದೇವರನ್ನು ನಂಬಿದ ಕಾರಣದಿಂದ ಅಬ್ರಹಾಮನು ನೀತಿವಂತನೆಂದು ಎಣಿಸಲ್ಪಟ್ಟನೆಂದು ಆದಿಕಾಂಡದ ಹದಿನೈದನೆಯ ಅಧ್ಯಾಯ ಹೇಳುತ್ತದೆ. ಸುನ್ನತಿಯ ವಿಧಿ ಬರುವುದು ಹದಿನೇಳನೆಯ ಅಧ್ಯಾಯದಲ್ಲಿ. ಮೋಶೆಯ ಶಾಸ್ತ್ರವಾದರೋ ಅಬ್ರಹಾಮನಿಗಿತ್ತ ವಾಗ್ದಾನಕ್ಕೆ ೪೩೦ ವರ್ಷಗಳ ಅನಂತರದ್ದು. ಹಿಂದೆ ಬಂದ ಕೃಪೆಯನ್ನು ಮುಂದೆ ಬಂದ ವಿಧಿಯು ರದ್ದುಪಡಿಸಲಾರದು. ಹಾಗಾದರೆ ಶಾಸ್ತ್ರವೇತಕ್ಕೆ ? ಶ್ರೀಮಂತರ ಮನೆಯ ಬಾಲಕನನ್ನು ಕೈಹಿಡಿದು ಗುರುವಿನ ಬಳಿಗೆ ಒಯ್ಯುವ ಆಳಿನಂತೆ ಅದು ಎಂದು ಪೌಲನು ಹೋಲಿಸುತ್ತಾನೆ. ಬಾಲಕನು ಪ್ರಾಯಕ್ಕೆ ಬಂದ ಮೇಲೆ ಆ ಆಳಿನ ಅಂಕೆಯಿಲ್ಲ. ಆಳು ಕೆಟ್ಟವನಾಗಿದ್ದನೆಂದು ಇದರ ಅರ್ಥವಲ್ಲ. ಅವನ ಕೆಲಸ ಮುಗಿಯಿತು.

ಆದರೆ ಪೌಲನು ಶಾಸ್ತ್ರದ್ವೇಷಿಯಲ್ಲ. ಧರ್ಮಶಾಸ್ತ್ರವು ಪರಿಶುದ್ಧವಾದುದೆಂದು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಅವನೇ ಹೇಳಿದ್ದಾನೆ. ಗ್ರೀಕನಾದ ತೀತನಿಗೆ ಸುನ್ನತಿ ಮಾಡಿಸಬೇಕೆಂಬ ಒತ್ತಾಯಕ್ಕೆ ಅವನು ಬಗ್ಗಲಿಲ್ಲ. ಯೆಹೂದ್ಯ ತಾಯಿಯ ಮಗನಾದ ತಿಮೊಥೆಯನಿಗೆ ತಾನೇ ಸುನ್ನತಿ ಮಾಡಿಸಿದನು. ಮೇಲುನೋಟಕ್ಕೆ ಇದು ಪೂರ್ವಾಪರವಿರೋಧವೆನಿಸಬಹುದು. ಮೋಕ್ಷಕ್ಕೆ ಅವಶ್ಯವೆಂದು ಹೇರಿದಾಗ ನಿರಾಕರಿಸಬೇಕು, ಜನರೊಡನೆ ಬೆರೆಯುವುದಕ್ಕೆ ಅನುಕೂಲವಾದಾಗ ಅಡ್ಡಿಯಿಲ್ಲವೆಂಬ ಒಂದೇ ಸೂತ್ರ ಎರಡಕ್ಕೂ ಆಧಾರವಾಗಿದೆ.

ಕ್ರೈಸ್ತ ಬೋಧಕರು ಬಹುಕಾಲ ಯೆಹೂದ್ಯ ಧರ್ಮವನ್ನು ಶುಷ್ಕ ಕರ್ಮಠತನವೆಂದು ಚಿತ್ರಿಸಿದರು. ಇದು ನ್ಯಾಯವಲ್ಲ. ಇ. ಪಿ. ಸ್ಯಾಂಡರ್ಸ್ ೧೯೭೭ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ ಪೌಲನ ಕಾಲದ ಯೆಹೂದ್ಯರೂ ದೇವರ ಕೃಪೆಯನ್ನೇ ಮೊದಲಿಗೆ ಇಟ್ಟವರು. ಆಜ್ಞಾಪಾಲನೆಯು ಅವರಿಗೆ ಆ ಕೃಪೆಗೆ ಸಲ್ಲಿಸುವ ಪ್ರತಿಸ್ಪಂದನವಾಗಿತ್ತು. ಈ ಭಕ್ತಿಯ ಬಲಕ್ಕೆ ಕೊಂಕಣದ ಬೆನೆ ಇಸ್ರಾಯೇಲರೇ ಸಾಕ್ಷಿ. ಉಳಿದ ಯೆಹೂದ್ಯ ಲೋಕದ ಸಂಪರ್ಕ ಕಡಿದುಹೋಗಿದ್ದ ದೀರ್ಘಕಾಲದಲ್ಲಿಯೂ ಗಾಣದ ಕಸುಬಿನ ಆ ಜನ ಶನಿವಾರ ಗಾಣ ಹೂಡಲಿಲ್ಲ. ನೆರೆಯವರು ಅವರನ್ನು 'ಶನಿವಾರ ತೇಲಿ' ಎಂದೇ ಕರೆದರು.

ಉಳಿದದ್ದು ಯಾವುದು ?

ಕ್ರಿ.ಶ. ೭೦ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ಕೆಡವಿದ ಮೇಲೆ ಬಲಿವಿಧಿಗಳನ್ನು ಯೆಹೂದ್ಯರೂ ನಡೆಸಲಾರದಾದರು. ಅಧ್ಯಯನ, ಪ್ರಾರ್ಥನೆ, ದಾನಗಳು ಬಲಿಯ ಸ್ಥಾನವನ್ನು ಪಡೆದವು. ಕ್ರೈಸ್ತರಲ್ಲಿ ಧರ್ಮಶಾಸ್ತ್ರವನ್ನು ಪಾಲಿಸುತ್ತಲೇ ಕ್ರಿಸ್ತನನ್ನು ನಂಬಿದ ನಜರೇಯರು, ಎಬಿಯೋನರು ಎಂಬ ಪಂಗಡಗಳು ನಾಲ್ಕನೆಯ ಶತಮಾನದವರೆಗೂ ಇದ್ದುವು. ಇದಕ್ಕೆ ತೀರ ವಿರುದ್ಧವಾಗಿ, ಎರಡನೆಯ ಶತಮಾನದ ಮಾರ್ಕಿಯೋನನು ಹಳೆಯ ಒಡಂಬಡಿಕೆಯನ್ನೇ ಇಡಿಯಾಗಿ ಬಿಡಬೇಕೆಂದನು. ರೋಮಿನ ಸಭೆ ಕ್ರಿ.ಶ. ೧೪೪ರ ಸುಮಾರಿಗೆ ಅವನನ್ನು ಹೊರಹಾಕಿತು. ಗ್ರಂಥ ನಮ್ಮದು, ಅದರ ವಿಧಿಗಳೆಲ್ಲ ನಮಗಲ್ಲ ಎಂಬ ನಡುದಾರಿಯನ್ನು ಬಹುಮತವು ಹಿಡಿಯಿತು.

ನಡುದಾರಿಯಲ್ಲಿ ಗೆರೆ ಎಳೆಯುವುದು ಕಷ್ಟ. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸನು ಧರ್ಮಶಾಸ್ತ್ರವನ್ನು ನೀತಿವಿಧಿ, ಪೂಜಾವಿಧಿ, ನ್ಯಾಯವಿಧಿ ಎಂದು ಮೂರಾಗಿ ವಿಭಾಗಿಸಿದನು. ನೀತಿವಿಧಿಯು ಮನುಷ್ಯನ ಸಹಜ ವಿವೇಕಕ್ಕೆ ಗೋಚರವಾಗುವಂಥದಾದ್ದರಿಂದ ನಿತ್ಯ. ಪೂಜಾವಿಧಿಯು ಕ್ರಿಸ್ತನ ಮುನ್‌ಸೂಚನೆಯಾದ್ದರಿಂದ ಅವನ ಬರುವಿಕೆಯೊಡನೆ ಮುಗಿಯಿತು. ನ್ಯಾಯವಿಧಿಯು ಇಸ್ರಾಯೇಲ ರಾಜ್ಯದೊಡನೆ ಸಂದಿತು. ಲೂಥರನು ೧೫೨೫ರಲ್ಲಿ ಇನ್ನೂ ಕಟುವಾಗಿ, ಮೋಶೆಯ ಶಾಸ್ತ್ರವು ಯೆಹೂದ್ಯರ ನಾಡಕಾನೂನು, ಎಲ್ಲರ ಅಂತಃಕರಣದಲ್ಲಿ ಬರೆದಿರುವುದರೊಡನೆ ಅದು ಎಷ್ಟು ಕೂಡಿಬರುವುದೋ ಅಷ್ಟು ಮಾತ್ರ ಇತರರಿಗೆ ಬಂಧಕ ಎಂದನು. ಕಾಲ್ವಿನನು ಶಾಸ್ತ್ರಕ್ಕೆ ಮೂರು ಪ್ರಯೋಜನಗಳನ್ನು ಹೇಳಿದನು. ಅದು ಪಾಪವನ್ನು ತೋರಿಸುವ ಕನ್ನಡಿ, ದುಷ್ಟರಿಗೆ ಕಡಿವಾಣ, ಭಕ್ತನಿಗೆ ದಾರಿತೋರುವ ದೀಪ.

ಎಲ್ಲ ಸಭೆಗಳೂ ಒಂದೇ ಕಡೆಗೆ ನಡೆಯಲಿಲ್ಲ. ಇಥಿಯೋಪಿಯದ ಪ್ರಾಚೀನ ಸಭೆಯವರು ಗಂಡುಮಕ್ಕಳಿಗೆ ಸುನ್ನತಿ ಮಾಡಿಸುತ್ತಾರೆ, ಹಂದಿಯ ಮಾಂಸವನ್ನು ಮುಟ್ಟುವುದಿಲ್ಲ, ಶನಿವಾರ ರವಿವಾರಗಳೆರಡನ್ನೂ ಗೌರವಿಸುತ್ತಾರೆ. ೧೮೬೩ರಲ್ಲಿ ಅಮೆರಿಕೆಯಲ್ಲಿ ಸಂಘಟಿತವಾದ ಏಳನೆಯ ದಿನದ ಅಡ್ವೆಂಟಿಸ್ಟ್ ಸಭೆಯವರು ಶನಿವಾರವನ್ನೇ ವಿಶ್ರಾಂತಿಯ ದಿನವೆಂದು ಪಾಲಿಸುತ್ತಾರೆ. ಕರ್ನಾಟಕದಲ್ಲಿಯೂ ಅವರ ಸಭೆಗಳಿವೆ. ಅವರ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ದಶಾಜ್ಞೆಗಳು ನಿತ್ಯವಾದ ನೀತಿಯಾದರೆ ಅವುಗಳೊಳಗಿನ ನಾಲ್ಕನೆಯ ಆಜ್ಞೆಯನ್ನು ಮಾತ್ರ ಏಳನೆಯ ದಿನದಿಂದ ಮೊದಲನೆಯ ದಿನಕ್ಕೆ ಸರಿಸಿದವರು ಯಾರು ಎಂದು ಅವರು ಕೇಳುತ್ತಾರೆ. ಕ್ರಿಸ್ತನ ಪುನರುತ್ಥಾನದ ಸ್ಮರಣೆಗಾಗಿ ಮೊದಲ ದಿನ ಕೂಡುವ ಪದ್ಧತಿ ಆದಿಯಿಂದಲೂ ಇತ್ತೆಂಬುದು ಉಳಿದವರ ಉತ್ತರ. ಆದರೆ ಆ ದಿನದ ಬಿಡುವಿಗೆ ರಾಜಾಜ್ಞೆಯ ಬಲ ದೊರೆತದ್ದು ಕ್ರಿ.ಶ. ೩೨೧ರಲ್ಲಿ, ಚಕ್ರವರ್ತಿ ಕಾನ್‌ಸ್ಟಂಟೈನನಿಂದ.

ಈ ನಾಡಿನ ಬದುಕಿನಲ್ಲಿ

ಕನ್ನಡ ಕ್ರೈಸ್ತರ ಪೂರ್ವಜರು ಎಂದೂ ಮೋಶೆಯ ಶಾಸ್ತ್ರಕ್ಕೆ ಒಳಗಾದವರಲ್ಲ. ಅವರು ಒಳಗಾಗಿದ್ದುದು ಜಾತಿಯ ಕಟ್ಟಳೆಗಳಿಗೆ. ಆದಕಾರಣ ಯೆರೂಸಲೇಮಿನ ಪ್ರಶ್ನೆ ಇಲ್ಲಿ ಬೇರೆಯೊಂದು ಮುಖವನ್ನು ತಾಳಿತು. ಹಳೆಯ ಕಟ್ಟಳೆಯನ್ನು ಹೊತ್ತುಕೊಂಡೇ ಹೊಸ ಸಭೆಯೊಳಗೆ ಬರಬಹುದೆ ? ಮಧುರೆಯ ಜೆಸುಯಿಟರು ಜಾತ್ಯಾಚಾರಗಳನ್ನು ಲೌಕಿಕವೆಂದು ಉಳಿಯಗೊಟ್ಟರು. ಆ ವಾದವಿವಾದವು ರೋಮಿನವರೆಗೆ ಹೋಗಿ ೧೭೪೪ರಲ್ಲಿ ನಿರ್ಬಂಧಗಳೊಡನೆ ಮುಗಿಯಿತು. ಬಾಸೆಲ್ ಮಿಷನ್ನಿನವರಾದರೋ ಜಾತಿಯನ್ನು ಬಿಟ್ಟು ಒಂದೇ ಪಂಕ್ತಿಯಲ್ಲಿ ಕೂಡುವುದನ್ನು ಸಭಾಪ್ರವೇಶದ ಅಂಗವೆಂದೇ ಎಣಿಸಿದರು. ಎಲ್ಲ ಕಡೆಯಲ್ಲಿಯೂ ಅದು ಪೂರ್ಣವಾಗಿ ಸಿದ್ಧಿಸಿತೆಂದು ಹೇಳಲಾಗದು. ಅಂತಿಯೋಕ್ಯದ ಪಂಕ್ತಿಯಿಂದ ಪೇತ್ರನೇ ಎದ್ದುಹೋದನೆಂದ ಮೇಲೆ ಇತರರ ಮಾತೇನು ?

ದಾಸೋಹದ ಊಟವನ್ನು ನೋಡೋಣ. ಪ್ರತಿವರ್ಷ ಜನೆವರಿಯ ಸುಮಾರಿಗೆ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಲ್ಲಿ ಜಾತಿ ಮತಗಳನ್ನೆಣಿಸದೆ ಲಕ್ಷಾಂತರ ಜನರಿಗೆ ಅನ್ನವಿಕ್ಕಲಾಗುತ್ತದೆ. ಕ್ರೈಸ್ತನೊಬ್ಬನು ಅಲ್ಲಿ ಕುಳಿತು ಉಂಡರೆ ಅಪೊಸ್ತಲರ ನಿರ್ಣಯವನ್ನು ಮೀರಿದಂತಾಗುವುದೆ ? ಕೊರಿಂಥದವರಿಗೆ ಬರೆದ ಪತ್ರದಲ್ಲಿ ಪೌಲನು ಈ ಬಗೆಯ ಪ್ರಶ್ನೆಯನ್ನು ನುಣ್ಣಗೆ ಬಿಡಿಸಿದ್ದಾನೆ. ಆಹಾರವು ಮನುಷ್ಯನನ್ನು ದೇವರಿಗೆ ಹತ್ತಿರವನ್ನೂ ದೂರವನ್ನೂ ಮಾಡದು. ಬಡಿಸಿದ್ದನ್ನು ಕೇಳದೆ ಉಣ್ಣಬಹುದು. ಆದರೆ ಅನ್ಯದೇವತೆಯ ಪೂಜೆಯಲ್ಲಿಯೇ ಭಾಗಿಯಾಗಕೂಡದು. ಉಣ್ಣುವುದರಿಂದ ದುರ್ಬಲನಾದ ಸೋದರನ ಮನಸ್ಸು ಕದಡುವುದಾದರೆ ಅವನಿಗಾಗಿ ಬಿಡಬೇಕು. ಈ ಮಾತುಗಳನ್ನೇ ಆಧಾರ ಮಾಡಿಕೊಂಡು, ದಾಸೋಹವು ನೆರೆಯವರ ಪ್ರೀತಿಯ ಅನ್ನವೆಂದು ಉಣ್ಣುವವನೂ, ದೇವರ ಪ್ರಸಾದವೆಂದು ಕೈಮುಗಿದು ಹಿಂದೆ ಸರಿಯುವವನೂ ಇಬ್ಬರೂ ತಮ್ಮ ನಡತೆಯನ್ನು ಸಮರ್ಥಿಸಿಕೊಳ್ಳಬಲ್ಲರು. ಉಂಡವನು ಉಣ್ಣದವನನ್ನು ಹೀಗಳೆಯಬಾರದು, ಉಣ್ಣದವನು ಉಂಡವನ ಮೇಲೆ ತೀರ್ಪು ಕೊಡಬಾರದು ಎಂಬುದೂ ಪೌಲನದೇ ಬೋಧೆ.

ಮದುವೆಯ ಪ್ರಶ್ನೆ ಇನ್ನೂ ತೊಡಕಿನದು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ಈ ಸೀಮೆಯ ಹಳೆಯ ರೂಢಿ. ಯಾಜಕಕಾಂಡದ ಹದಿನೆಂಟನೆಯ ಅಧ್ಯಾಯವು ಅತ್ತೆ, ಚಿಕ್ಕಮ್ಮ ಮುಂತಾದವರನ್ನು ಮದುವೆಯಾಗಬಾರದೆಂದು ಪಟ್ಟಿಮಾಡುತ್ತದೆ. ಸೋದರಿಯ ಮಗಳ ಹೆಸರು ಅಲ್ಲಿಲ್ಲ. ಯೆಹೂದ್ಯರ ತಾಲ್ಮುದು ಅಂಥ ಮದುವೆಯನ್ನು ಮೆಚ್ಚಿಕೊಳ್ಳುತ್ತದೆ. ಮೃತಸಮುದ್ರದ ತೀರದ ಹಸ್ತಪ್ರತಿಗಳ ಪಂಥದವರು ಅದೇ ಅಧ್ಯಾಯದ ಆಧಾರದಿಂದಲೇ, ಹೆಣ್ಣಿಗೆ ಅನ್ವಯಿಸುವುದು ಗಂಡಿಗೂ ಅನ್ವಯಿಸಬೇಕೆಂದು ವಾದಿಸಿ, ಅದನ್ನು ನಿಷೇಧಿಸಿದರು. ಇಂಗ್ಲೆಂಡಿನ ಸಭೆಯು ೧೫೬೩ರ ಪಟ್ಟಿಯಲ್ಲಿ ಸೋದರಮಾವನ ಮದುವೆಯನ್ನು ತಡೆದು, ಮಾವನ ಮಗಳು, ಅತ್ತೆಯ ಮಗಳೊಡನೆ ಮದುವೆಗೆ ಅವಕಾಶವಿತ್ತಿತು. ಕಥೋಲಿಕ ಸಭೆಯ ೧೯೮೩ರ ಸಂಹಿತೆಯು ಈ ಎರಡನ್ನೂ ತಡೆಯುತ್ತದೆ. ಆದರೆ ಎರಡಕ್ಕೂ ವಿನಾಯಿತಿ ನೀಡುವ ಅಧಿಕಾರವನ್ನು ಇಟ್ಟುಕೊಂಡಿದೆ. ಒಂದೇ ಶಾಸ್ತ್ರವಾಕ್ಯದಿಂದ ಇಷ್ಟು ನಿರ್ಣಯಗಳು ಹೊರಟಿರುವಾಗ, ಇಂದು ಕ್ರೈಸ್ತ ವಧೂವರರನ್ನು ಕಟ್ಟುವುದು ಮೋಶೆಯ ಅಕ್ಷರವಲ್ಲ, ಆಯಾ ಸಭೆಯ ನಿಯಮ ಮತ್ತು ದೇಶದ ಕಾನೂನು ಎಂಬುದು ಸ್ಪಷ್ಟ.

ಮುಟ್ಟು ಹೆರಿಗೆಗಳ ಮೈಲಿಗೆಯ ವಿಷಯದಲ್ಲಿ ಪ್ರಾಚೀನ ಸಭೆಯೊಳಗೆ ಭಿನ್ನಾಭಿಪ್ರಾಯವಿತ್ತು. ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ದಿಯೋನಿಸಿಯನು ಮುಟ್ಟಾದ ಸ್ತ್ರೀಯು ಪ್ರಭುಭೋಜನಕ್ಕೆ ಬರಬಾರದೆಂದನು. ಅದೇ ಶತಮಾನದಲ್ಲಿ ಸಿರಿಯದಲ್ಲಿ ರಚಿತವಾದ 'ದಿದಸ್ಕಾಲಿಯ' ಎಂಬ ಗ್ರಂಥವು, ಅಂಥ ದಿನಗಳಲ್ಲಿ ದೂರ ನಿಲ್ಲುವ ಹೆಣ್ಣುಮಕ್ಕಳು ಪವಿತ್ರಾತ್ಮವು ತಮ್ಮನ್ನು ಬಿಟ್ಟುಹೋಯಿತೆಂದು ಭಾವಿಸುತ್ತಾರೆಯೇ ಎಂದು ಕೇಳಿ, ಆ ಆಚರಣೆ ಬೇಡವೆಂದಿತು. ಕ್ರಿ.ಶ. ೬೦೦ರ ಸುಮಾರಿಗೆ ರೋಮಿನ ಗ್ರೆಗರಿಯು, ಪ್ರಕೃತಿಯ ನಿಯಮದಿಂದ ಆದದ್ದಕ್ಕೆ ಅಪರಾಧ ಹೊರಿಸಕೂಡದೆಂಬ ನಿಲುವನ್ನು ತಾಳಿದನು.

ದುಡಿಮೆಯ ವಿಷಯದಲ್ಲಿ ಮಾತ್ರ ಹಳೆಯ ಆಜ್ಞೆಗಳು ಈ ನೆಲಕ್ಕೆ ಪರಕೀಯವೆನಿಸುವುದಿಲ್ಲ. ಏಳನೆಯ ದಿನದ ಬಿಡುವು ಎತ್ತಿಗೂ ಆಳಿಗೂ ಪರದೇಶಿಗೂ ಸಲ್ಲಬೇಕೆಂದು ತೋರಾ ಹೇಳುತ್ತದೆ. ಸೋಮವಾರ ಎತ್ತಿಗೆ ನೊಗ ಹೂಡದ ಉತ್ತರ ಕರ್ನಾಟಕದ ರೈತರಿಗೆ ಇದರ ಮರ್ಮ ತಿಳಿದೇ ಇದೆ. ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದೆಂಬುದೂ ಒಂದು ಆಜ್ಞೆ. ಪೌಲನು ಅದನ್ನು ದುಡಿದವನಿಗೆ ಪಾಲು ಸಲ್ಲಬೇಕೆಂಬ ತತ್ತ್ವಕ್ಕೆ ಅನ್ವಯಿಸಿದನು. ಯಂತ್ರಗಳು ಬಂದು ಹಂತಿ ಕಟ್ಟುವ ಪದ್ಧತಿ ಹಿಂದೆ ಸರಿದರೂ ಆ ತತ್ತ್ವಕ್ಕೆ ಮುಪ್ಪಿಲ್ಲ. ಹೊಸ ಸಭೆಯು ಹಳೆಯ ಶಾಸ್ತ್ರವನ್ನು ಓದಿದ ರೀತಿಗೆ ಇದೇ ಒಳ್ಳೆಯ ನಿದರ್ಶನ.

ಒಂದು ಹೋಲಿಕೆ

ಹನ್ನೆರಡನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ಲಿಂಗವಂತನಿಗಿಲ್ಲವೆಂದು ನಿರಾಕರಿಸಿದರು. ಯಜ್ಞದ ಪಶುಬಲಿಯನ್ನು ಖಂಡಿಸಿದರು. ಸುನ್ನತಿಯು ಗಂಡಿಗೆ ಮಾತ್ರ, ದೀಕ್ಷಾಸ್ನಾನವು ಗಂಡುಹೆಣ್ಣುಗಳಿಬ್ಬರಿಗೂ. ಉಪನಯನವು ರೂಢಿಯಲ್ಲಿ ಗಂಡಿಗೆ ಮಾತ್ರ, ಇಷ್ಟಲಿಂಗದೀಕ್ಷೆಯು ಇಬ್ಬರಿಗೂ. ವಿಧಿಯು ಸಡಿಲವಾದಲ್ಲೆಲ್ಲ ಹೊರಗೆ ನಿಂತವರಿಗೆ ಒಳಬರಲು ಬಾಗಿಲು ತೆರೆಯಿತೆಂಬುದು ಎರಡೂ ಕಡೆ ಕಾಣುವ ಸಂಗತಿ. ವೇದಾಗಮಗಳೇ ಮೂಲಪ್ರಮಾಣವೆಂದು ಸಿದ್ಧಾಂತಶಿಖಾಮಣಿ, ಶ್ರೀಕರಭಾಷ್ಯಗಳ ಪರಂಪರೆಯೂ, ಅನುಭಾವವೇ ಪ್ರಮಾಣವೆಂದು ವಚನಗಳನ್ನು ಮುಂದಿಡುವವರೂ ನಡೆಸಿರುವ ಚರ್ಚೆ ಪೇತ್ರ ಪೌಲರ ಚರ್ಚೆಯನ್ನು ನೆನಪಿಗೆ ತರುತ್ತದೆ. ಹೋಲಿಕೆಯನ್ನು ಇದಕ್ಕಿಂತ ಹೆಚ್ಚು ಎಳೆಯಬಾರದು. ತೋರಾವು ಒಂದು ಇಡೀ ಜನಾಂಗಕ್ಕೆ ಕೊಟ್ಟದ್ದು. ವೇದಾಧ್ಯಯನವನ್ನು ಸ್ಮೃತಿಗಳು ಬಹುಜನರಿಗೆ ನಿಷೇಧಿಸಿದ್ದುವು. ಹಾಗೆಯೇ ಎರಡು ಕಡೆಯವರೂ ಆಚಾರವನ್ನು ಬಿಟ್ಟವರಲ್ಲ. ಸೂತಕವನ್ನು ಬಿಟ್ಟವರು ಸದಾಚಾರವನ್ನು ಕಟ್ಟಿಕೊಂಡರು. ಸುನ್ನತಿಯನ್ನು ಬಿಟ್ಟವರು ಪ್ರೀತಿಯ ಕಟ್ಟಳೆಯನ್ನು ಕಟ್ಟಿಕೊಂಡರು. ಅದು ಹಿಂದಿನದಕ್ಕಿಂತ ಹಗುರವೆಂದು ಆಚರಿಸಿ ನೋಡಿದವರು ಯಾರೂ ಹೇಳರು.

ಉಪಸಂಹಾರ

ಒಟ್ಟಿನಲ್ಲಿ, ಮೋಶೆಯ ಶಾಸ್ತ್ರವು ಒಡಂಬಡಿಕೆಯ ರೂಪದಲ್ಲಿ ಯೆಹೂದ್ಯರದು. ಕ್ರೈಸ್ತನು ಅದನ್ನು ಇಡಿಯಾಗಿ ಪಾಲಿಸಬೇಕಿಲ್ಲ, ಇಡಿಯಾಗಿ ತ್ಯಜಿಸಲೂ ಬಾರದು. ದೇವಪ್ರೀತಿ ನೆರೆಪ್ರೀತಿಗಳ ಬೆಳಕಿನಲ್ಲಿ ಓದಿ ನಡೆಯಬೇಕು, ಎಂಬುದು ಬಹುಸಂಖ್ಯಾತ ಸಭೆಗಳ ನಿಲುವು. ದೇವರು ಯೆಹೂದ್ಯರಿಗಿತ್ತ ಕೊಡುಗೆಯನ್ನು ಹಿಂದೆಗೆದುಕೊಂಡಿಲ್ಲವೆಂದು ಕಥೋಲಿಕ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆಯು ೧೯೬೫ರಲ್ಲಿ ಸ್ಪಷ್ಟಪಡಿಸಿತು. ಹೊಸದು ಬೆಳೆಯಬೇಕಾದರೆ ಹಳೆಯದನ್ನು ಹೀಗಳೆಯಲೇಬೇಕೆಂಬ ಭ್ರಮೆ ಅನೇಕ ಶತಮಾನಗಳ ದ್ವೇಷಕ್ಕೆ ಕಾರಣವಾಗಿತ್ತು. ಅದರಿಂದ ಹೊರಬರುವ ಪ್ರಯತ್ನವಿದು.

ಕೊಪ್ಪಳದ ಗವಿಮಠದ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ೧೯೩೧ರಲ್ಲಿ ವಿದ್ವಾಂಸರು ಅದನ್ನು ಗುರುತಿಸಿದರು. ಅದೇ ಊರು ಕೊಪಣವೆಂಬ ಹೆಸರಿನಿಂದ ಜೈನರ ಮಹಾತೀರ್ಥವಾಗಿತ್ತು. ಅನಂತರ ವೀರಶೈವ ಮಠದ ನೆಲೆಯಾಯಿತು. ಬೌದ್ಧ ಉಪಾಸಕನಾದ ಅರಸನ ಆಜ್ಞೆಗೆ ಇಂದು ಅಲ್ಲಿ ಯಾರೂ ಒಳಪಟ್ಟವರಲ್ಲ. ಆದರೂ ಬಂಡೆಯ ಅಕ್ಷರಗಳು ಉಳಿದಿವೆ, ಓದುವವರಿದ್ದಾರೆ. ಹಳೆಯ ಶಾಸ್ತ್ರಕ್ಕೆ ಅಧೀನನಾಗದೆಯೂ ಅದನ್ನು ಆದರದಿಂದ ಓದಬಹುದೆಂಬುದಕ್ಕೆ ಈ ಸೀಮೆಯವರು ದೂರದ ನಿದರ್ಶನವನ್ನು ಹುಡುಕಬೇಕಾಗಿಲ್ಲ.